ಚಿಕ್ಕ ಮಕ್ಕಳ ಹೊಟ್ಟೆನೋವು: ಅಪರೂಪದ ಕಾರಣ ಹಿಡಿಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಗು ಹೊಟ್ಟೆ ಹಿಡಿದುಕೊಂಡು ಅತ್ತರೆ ನಮ್ಮ ಕಡೆ ಮೂರು ಹೆಸರು ತಾನಾಗಿ ಬಾಯಿಗೆ ಬರುತ್ತವೆ: ಗ್ಯಾಸು, ಹುಳ, ಬಟ್ಟಿ (ಹೊಕ್ಕುಳು ಸರಿದಿದೆ ಎಂಬ ನಂಬಿಕೆ). ದಾವಣಗೆರೆ ಪೇಟೆಯಲ್ಲಾದರೆ ನಾಲ್ಕನೆಯದೂ ಉಂಟು, ನಿನ್ನೆ ಸಂಜೆ ತಿಂದ ಮಂಡಕ್ಕಿ-ಮೆಣಸಿನಕಾಯಿ. ಬಹುಪಾಲು ಸಲ ಕಾರಣ ಸಾಮಾನ್ಯದ್ದೇ ಆಗಿರುತ್ತದೆ. ಮೂರು ದಿನದಿಂದ ಕಟ್ಟಿಕೊಂಡ ಮಲ, ವಾಂತಿ-ಭೇದಿಯ ಶುರು, ನೆಗಡಿ ಜ್ವರದ ಜೊತೆ ಬರುವ ನೋವು, ಉರಿಮೂತ್ರ. ಇಲ್ಲಿರುವ ಉತ್ತರಗಳು ಆ ಪಟ್ಟಿಗೆ ಸೇರದ ನೋವುಗಳ ಬಗ್ಗೆ. ಇಂಥವನ್ನು ಹಿಡಿಯಲು ಹೆಚ್ಚು ಸ್ಕ್ಯಾನಿಂಗ್ ಬೇಕೆಂದೇನಿಲ್ಲ. ನೋವು ಯಾವ ಹೊತ್ತಿಗೆ ಬಂತು, ಹೇಗೆ ಬಂದು ಹೇಗೆ ಹೋಗುತ್ತದೆ, ಹೊಟ್ಟೆ ಬಿಟ್ಟು ಮೈಯಲ್ಲಿ ಮತ್ತೇನು ಕಾಣುತ್ತಿದೆ ಎಂದು ಕೇಳಿದರೆ ಅರ್ಧ ದಾರಿ ಸಾಗಿದಂತೆ.

ಯಾವ ನೋವಿಗೆ ಬೆಳಗಾಗುವವರೆಗೆ ಕಾಯಬಾರದು?

ಹಸಿರು ವಾಂತಿ. ಮಲದಲ್ಲಿ ರಕ್ತ. ಮುಟ್ಟಿದರೆ ಹಲಗೆಯಂತೆ ಗಟ್ಟಿಯಾದ ಅಥವಾ ಉಬ್ಬುತ್ತಲೇ ಹೋಗುವ ಹೊಟ್ಟೆ. ಅಳುವುದನ್ನೂ ಬಿಟ್ಟು ಮಂಕಾಗಿ ಬಿದ್ದುಕೊಂಡ ಮಗು. ರೆಪ್ಪೆ ಜೋತುಬಿದ್ದ ಮಗು. ವೃಷಣದಲ್ಲಿ ಬಾವು ಅಥವಾ ತೊಡೆಸಂದಿಯಲ್ಲಿ ಒಳಗೆ ಹೋಗದ ಗಂಟು. ಏದುಸಿರು. ಡೆಂಗಿ ಇದ್ದು, ಜ್ವರ ಇಳಿಯುವ ಹೊತ್ತಿಗೆ ಶುರುವಾದ ಹೊಟ್ಟೆನೋವು-ವಾಂತಿ. ಇವುಗಳಲ್ಲಿ ಒಂದಿದ್ದರೂ ರಾತ್ರಿಯೇ ಹೊರಡಿ.

ನೋವಿನ ಜಾಗವೂ ಸ್ವಲ್ಪ ಹೇಳುತ್ತದೆ. ಚಿಕ್ಕ ಮಕ್ಕಳು ಎಲ್ಲ ನೋವಿಗೂ ಹೊಕ್ಕುಳನ್ನೇ ತೋರಿಸುತ್ತಾರೆ, ಅದಕ್ಕೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಹೊಕ್ಕುಳು ಬಿಟ್ಟು ಬೇರೆ ಕಡೆ ಬೆರಳಿಟ್ಟು, ಪ್ರತಿ ಸಲವೂ ಅಲ್ಲೇ ತೋರಿಸಿದರೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಸುವ ನೋವಿಗೂ ಇದೇ ಮಾತು.

ಎಂಟು ತಿಂಗಳ ಮಗು. ಇದ್ದಕ್ಕಿದ್ದ ಹಾಗೆ ಚೀರುತ್ತೆ, ಆಮೇಲೆ ಏನೂ ಆಗದ ಹಾಗೆ ಸುಮ್ಮನಾಗುತ್ತೆ. ಗ್ಯಾಸಾ?

ಗಡಿಯಾರ ನೋಡಿ. ಮಗು ಮೊಣಕಾಲು ಹೊಟ್ಟೆಗೆ ಎಳೆದುಕೊಂಡು, ಮುಖ ಬಿಳಿಚಿಕೊಂಡು ಎರಡು-ಮೂರು ನಿಮಿಷ ಚೀರಿ, ಸುಮ್ಮನಾಗಿ, 15-20 ನಿಮಿಷಕ್ಕೆ ಮತ್ತೆ ಹಾಗೇ ಮಾಡಿದರೆ ಮೊದಲು ನೆನಪಾಗಬೇಕಾದ್ದು ಕರುಳು ತೂರಿಕೆ. ದೂರದರ್ಶಕದ ಕೊಳವೆ ಒಂದರೊಳಗೊಂದು ಸರಿಯುವಂತೆ ಕರುಳಿನ ಒಂದು ಭಾಗ ಮುಂದಿನ ಭಾಗದೊಳಗೆ ಸೇರಿಕೊಳ್ಳುತ್ತದೆ. ಹೆಚ್ಚಾಗಿ ಸಣ್ಣಕರುಳಿನ ತುದಿ ದೊಡ್ಡಕರುಳಿಗೆ ನುಗ್ಗುತ್ತದೆ. ಕರುಳಿನ ಅಲೆ ಬಂದಾಗಲೆಲ್ಲ ಅದು ಇನ್ನಷ್ಟು ಒಳಗೆ ಎಳೆಯುತ್ತದೆ, ನೋವು ಅಲೆಯಲೆಯಾಗಿ ಬರುವುದು ಅದಕ್ಕೇ. 3 ತಿಂಗಳಿಂದ 3 ವರ್ಷದ ನಡುವೆ ಹೆಚ್ಚು, ಅದರಲ್ಲೂ 5ರಿಂದ 9 ತಿಂಗಳಲ್ಲಿ.

ಕೆಂಪು ಜೆಲ್ಲಿಯಂಥ ಮಲ ಬಂದರೆ ಮಾತ್ರ ಇದು ಎಂದು ಕಾಯುವುದು ದೊಡ್ಡ ತಪ್ಪು. ಕರುಳಿನ ಒಳಪದರಕ್ಕೆ ರಕ್ತ ಕಡಿಮೆಯಾದ ಮೇಲೆ ಬರುವ ಲಕ್ಷಣ ಅದು, ಅಂದರೆ ತಡವಾಗಿದೆ ಎಂದರ್ಥ. ಇನ್ನು ಕೆಲವು ಮಕ್ಕಳು ಅಳುವುದೇ ಇಲ್ಲ, ಸುಮ್ಮನೆ ಮಂಕಾಗುತ್ತಾರೆ. ಅವರನ್ನು ಮೆದುಳು ಜ್ವರವೆಂದೋ ವಿಷವೆಂದೋ ನೋಡುತ್ತಾ ಸಮಯ ಹೋಗುತ್ತದೆ. ಕಾರಣ ತಿಳಿಯದ ಮಂಕು ಮಗುವಿನ ಹೊಟ್ಟೆಗೊಂದು ಅಲ್ಟ್ರಾಸೌಂಡ್ ಬೇಕು ಎನ್ನುವುದು ಇದಕ್ಕೇ.

ಅಲ್ಟ್ರಾಸೌಂಡ್‌ನಲ್ಲಿ ಅಡ್ಡಕ್ಕೆ ನೋಡಿದಾಗ ಸುತ್ತು ಸುತ್ತಾದ ಗುರಿಹಲಗೆಯಂತೆ ಕಾಣುತ್ತದೆ. ಸುತ್ತಳತೆಯಲ್ಲ, ಅಡ್ಡಳತೆ ಮುಖ್ಯ. 2.5 ಸೆಂ.ಮೀ. ಮೀರಿದ್ದು ಸಾಮಾನ್ಯವಾಗಿ ದೊಡ್ಡಕರುಳಿನದು, ಚಿಕಿತ್ಸೆ ಬೇಕು. ಸಣ್ಣಕರುಳಲ್ಲೇ ಆದ 2 ಸೆಂ.ಮೀ.ಗಿಂತ ಚಿಕ್ಕದು ಹಲವು ಸಲ ತಾನೇ ಬಿಡಿಸಿಕೊಳ್ಳುತ್ತದೆ, ಮರುಸ್ಕ್ಯಾನ್ ಸಾಕು. ಚಿಕಿತ್ಸೆ ಎಂದರೆ ಆಪರೇಷನ್ನೇ ಅಲ್ಲ. ಗುದದ್ವಾರದಿಂದ ಗಾಳಿ ಅಥವಾ ಸಲೈನ್ ಒತ್ತಡದಲ್ಲಿ ಬಿಟ್ಟು ಕರುಳನ್ನು ಹಿಂದಕ್ಕೆ ತಳ್ಳುತ್ತಾರೆ. ಗಾಳಿಯ ಒತ್ತಡವನ್ನು ಸಾಮಾನ್ಯವಾಗಿ 120 ಮಿ.ಮೀ. ಪಾದರಸಕ್ಕೆ ಮೀರಿಸುವುದಿಲ್ಲ. ಬೇಗ ಬಂದ ಬಹುತೇಕ ಮಕ್ಕಳಲ್ಲಿ ಇಷ್ಟರಲ್ಲೇ ಸರಿಹೋಗುತ್ತದೆ. ಕರುಳು ತೂತಾಗಿದ್ದರೆ ಅಥವಾ ರಕ್ತದೊತ್ತಡ ಕುಸಿದು ಮಗು ಶಾಕ್‌ನಲ್ಲಿದ್ದರೆ ಹೀಗೆ ಮಾಡುವಂತಿಲ್ಲ. ಸರಿಹೋದ ಹತ್ತರಲ್ಲಿ ಒಂದು ಮಗುವಿಗೆ ಮತ್ತೆ ಆಗಬಹುದು, ಅದೂ ಹೆಚ್ಚಾಗಿ ಮೊದಲ ಎರಡು ದಿನದೊಳಗೆ. ಹಾಗಾಗಿ ಡಿಸ್ಚಾರ್ಜ್ ಆದ ರಾತ್ರಿ ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಯಲ್ಲೇ ಉಳಿಯುವುದು ಒಳ್ಳೆಯದು.

ವಾಂತಿ ಹಸಿರಾಗಿದೆಯೋ ಹಳದಿಯೋ ಗೊತ್ತಾಗುತ್ತಿಲ್ಲ.

ಮಾತಲ್ಲಿ ಹೇಳಬೇಡಿ, ಬಟ್ಟೆ ತೋರಿಸಿ. ಒಬ್ಬರು ಹಳದಿ ಎನ್ನುವುದು ಇನ್ನೊಬ್ಬರಿಗೆ ಹಸಿರು. ಪಾಲಕ್ ರಸದಂಥ, ಗರಿಕೆ ಅರೆದಂಥ ಹಸಿರು ಎಂದರೆ ಪಿತ್ತ. ಹಸುಗೂಸಿನಲ್ಲಿ, ಅದರಲ್ಲೂ ಮೊದಲ ತಿಂಗಳಲ್ಲಿ, ಇದು ಕರುಳು ತನ್ನ ಬುಡದಲ್ಲೇ ತಿರುಚಿಕೊಂಡಿದೆ ಎಂಬ ಸೂಚನೆ ಆಗಿರಬಹುದು. ಹುಟ್ಟುವ ಮೊದಲು ಕರುಳು ಸರಿಯಾಗಿ ಸುತ್ತಿ ನೆಲೆ ನಿಂತಿರದಿದ್ದರೆ ಹೀಗಾಗುತ್ತದೆ. ಮೊದಲಿಗೆ ಹೊಟ್ಟೆ ಮೆತ್ತಗೇ ಇರುತ್ತದೆ, ಮಗು ಚೆನ್ನಾಗಿಯೇ ಕಾಣುತ್ತದೆ, ಎಕ್ಸ್‌ರೇ ಕೂಡ ಸರಿಯಿರಬಹುದು. ಮೋಸ ಹೋಗುವುದು ಇಲ್ಲೇ. ಕೆಲವೇ ಗಂಟೆಯಲ್ಲಿ ಕರುಳಿಗೆ ರಕ್ತ ನಿಂತು ಅದು ಸಾಯುತ್ತದೆ. ಬೇಕಾದ ಪರೀಕ್ಷೆ ಬಣ್ಣದ ದ್ರವ ಕುಡಿಸಿ ತೆಗೆಯುವ ಎಕ್ಸ್‌ರೇ, ಅಥವಾ ರಕ್ತನಾಳ ಸುಳಿಯಂತೆ ಸುತ್ತಿರುವುದನ್ನು ಗುರುತಿಸಬಲ್ಲವರಿಂದ ಅಲ್ಟ್ರಾಸೌಂಡ್. ಮಕ್ಕಳ ಶಸ್ತ್ರವೈದ್ಯರಿಲ್ಲದ ಕಡೆ ಇವುಗಳಿಗೆಂದು ಕಾಯಿಸಬಾರದು. ಮೂಗಿನಲ್ಲಿ ನಳಿಕೆ ಹಾಕಿ, ಡ್ರಿಪ್ ಹಚ್ಚಿ, ಕಳಿಸಿಬಿಡಬೇಕು.

ರಾತ್ರಿ ಚೆನ್ನಾಗಿ ಮಲಗಿದ ಮಗು ನಸುಕಿನಲ್ಲಿ ಹೊಟ್ಟೆನೋವು ಎಂದು ಎದ್ದಿತು. ಈಗ ಕಣ್ಣು ಬಿಡಲಾಗುತ್ತಿಲ್ಲ. ಏನಿದು?

ಹಾವು ಎಂದುಕೊಂಡೇ ಹೊರಡಿ. ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಲಗುವ ಮನೆಗಳಿಗೆ ಈ ಪ್ರಶ್ನೆ ಬಹಳ ಮುಖ್ಯ, ಮತ್ತು ಇದನ್ನು ಹೊಟ್ಟೆನೋವಿನ ಪಟ್ಟಿಯಲ್ಲಿ ಸೇರಿಸುವವರು ಕಡಿಮೆ. ಕಟ್ಟುಹಾವು (ಕೆಲವರು ಕಡಂಬಳ ಎನ್ನುತ್ತಾರೆ) ರಾತ್ರಿ ಹೊತ್ತು ಓಡಾಡುತ್ತದೆ, ಮಲಗಿದವರ ಪಕ್ಕಕ್ಕೇ ಬರುತ್ತದೆ. ಹಲ್ಲು ಸಣ್ಣ. ಕಚ್ಚಿದ ಜಾಗ ಉರಿಯುವುದಿಲ್ಲ, ಬಾಯುವುದಿಲ್ಲ, ಗುರುತೂ ಕಾಣದಿರಬಹುದು. ಮೊದಲ ದೂರು ಎಷ್ಟೋ ಸಲ ಹೊಟ್ಟೆನೋವು, ಗಂಟಲು ನೋವು ಅಥವಾ ವಾಂತಿ. ಮನೆಯವರು ನಿದ್ದೆಗಣ್ಣು ಎಂದುಕೊಂಡು ಸೋಡಾ ಕುಡಿಸಿ ಮತ್ತೆ ಮಲಗಿಸುತ್ತಾರೆ. ವಿಷ ಉಸಿರಾಟದ ಸ್ನಾಯುಗಳನ್ನೇ ಕಟ್ಟಿಹಾಕುತ್ತದೆ.

ನೋಡುವುದು ಸುಲಭ. ಮಗುವಿನ ತಲೆ ಅಲುಗಾಡದಂತೆ ಹಿಡಿದು, ನಿಮ್ಮ ಬೆರಳನ್ನು ಅದರ ಹಣೆಯ ಮೇಲಕ್ಕೆ ಒಯ್ದು ನೋಡಲು ಹೇಳಿ. ರೆಪ್ಪೆ ಮೇಲೇಳದೆ ಕಪ್ಪುಗುಡ್ಡೆಯ ಮೇಲೆ ಅರ್ಧ ಇಳಿದೇ ಇದ್ದರೆ, ಹುಬ್ಬು ಎತ್ತಿ ಕಣ್ಣು ಬಿಡಲು ಹೆಣಗಿದರೆ, ನಾಲಿಗೆ ಪೂರ್ತಿ ಚಾಚಲಾಗದಿದ್ದರೆ, ನೀರು ನುಂಗಲು ಕಷ್ಟವಾದರೆ (ಪರೀಕ್ಷೆಗೆಂದು ಕುಡಿಸಬೇಡಿ, ಶ್ವಾಸಕ್ಕೆ ಹೋಗುತ್ತದೆ), ಅನುಮಾನವೇ ಬೇಡ. 108ಕ್ಕೆ ಕರೆ ಮಾಡಿ. ಮಗುವನ್ನು ಮಗ್ಗುಲಾಗಿ ಮಲಗಿಸಿ ಕರೆದೊಯ್ಯಿರಿ. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಹಾವು ಹುಡುಕುತ್ತಾ ಕೂರಬೇಡಿ.

ವೈದ್ಯರಿಗೆ ಒಂದು ಮಾತು. ಕಟ್ಟುಹಾವಿನ ವಿಷದಲ್ಲಿ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಸಾಮಾನ್ಯವಾಗಿ ಸರಿಯಾಗೇ ಬರುತ್ತದೆ, ಅದನ್ನು ನೋಡಿ ಹಾವಲ್ಲ ಎನ್ನುವಂತಿಲ್ಲ. ಪ್ರತಿವಿಷದ ಪ್ರಮಾಣ ಮಗುವಿನ ತೂಕಕ್ಕೆ ತಕ್ಕಂತೆ ಇಳಿಯುವುದಿಲ್ಲ. ಹಾವು ದೊಡ್ಡವರಿಗೂ ಚಿಕ್ಕವರಿಗೂ ಬಿಡುವ ವಿಷ ಒಂದೇ, ಹಾಗಾಗಿ ಪ್ರತಿವಿಷವೂ ಒಂದೇ. ಉಸಿರು ಇಳಿದರೆ ಕೊಳವೆ ಹಾಕಿ ಉಸಿರಾಡಿಸಬೇಕು. ವಿಷ ಇಳಿಯುವವರೆಗೆ ಉಸಿರಾಡಿಸಿದ ಮಕ್ಕಳು ಹೆಚ್ಚಾಗಿ ಎದ್ದು ಕೂರುತ್ತಾರೆ.

ಹೊಟ್ಟೆನೋವೆಂದು ಕರೆದುಕೊಂಡು ಹೋದರೆ ಡಾಕ್ಟರು ಎದೆ ನೋಡಿದರು, ಚಡ್ಡಿ ಬಿಚ್ಚಿಸಿದರು, ಬೆರಳಿಗೆ ಚುಚ್ಚಿದರು. ಯಾಕೆ?

ಸರಿಯಾಗಿ ನೋಡುವ ಡಾಕ್ಟರು ಸಿಕ್ಕಿದ್ದಾರೆ ಎಂದುಕೊಳ್ಳಿ.

ಎದೆ: ಶ್ವಾಸಕೋಶದ ಕೆಳಭಾಗದ ನ್ಯುಮೋನಿಯಾ ವಪೆಗೆ (ಎದೆ-ಹೊಟ್ಟೆ ನಡುವಿನ ಸ್ನಾಯುಪರದೆ) ತಾಗಿಕೊಂಡಿರುತ್ತದೆ. ಅಲ್ಲಿನ ನರ ಹೊಟ್ಟೆಗೂ ಹೋಗುವುದರಿಂದ ಮಗು ಹೊಟ್ಟೆಯನ್ನೇ ತೋರಿಸುತ್ತದೆ, ಕೆಮ್ಮು ಇಲ್ಲದೆಯೂ ಇರಬಹುದು. ಮಲಗಿಸಿ, ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಉಸಿರೆಣಿಸಿ. 2 ತಿಂಗಳಿಂದ 1 ವರ್ಷದೊಳಗೆ 50, 1ರಿಂದ 5 ವರ್ಷಕ್ಕೆ 40 ಅಥವಾ ಅದಕ್ಕೂ ಹೆಚ್ಚಿದ್ದರೆ ವೇಗದ ಉಸಿರು.

ಚಡ್ಡಿ: ವೃಷಣ ತಿರುಚಿಕೊಂಡ ಹುಡುಗ ನಾಚಿಕೆಯಿಂದ ಹೊಟ್ಟೆನೋವು ಎಂದೇ ಹೇಳುತ್ತಾನೆ. ಸುಮಾರು 6 ಗಂಟೆಯೊಳಗೆ ಬಿಡಿಸಿದರೆ ಉಳಿಯುವ ಸಂಭವ ಹೆಚ್ಚು, ಆಮೇಲೆ ಗಂಟೆಗಂಟೆಗೂ ಕಡಿಮೆ. ಹೆಣ್ಣುಮಕ್ಕಳಲ್ಲಿ ಅಂಡಾಶಯ ತಿರುಚುವುದುಂಟು, ಅದಕ್ಕೆ ಸ್ಕ್ಯಾನಿಂಗೇ ಬೇಕು.

ಕಾಲು ಮತ್ತು ಪೃಷ್ಠ: ಒತ್ತಿದರೂ ಮಾಸದ, ಕೈಗೆ ಉಬ್ಬಾಗಿ ತಗಲುವ ನೇರಳೆ ಚುಕ್ಕೆಗಳಿದ್ದು, ಪಾದ-ಮಂಡಿ ನೋವೂ ಇದ್ದರೆ ಅದು ಐಜಿಎ ರಕ್ತನಾಳದ ಉರಿಯೂತ. 3ರಿಂದ 10 ವರ್ಷದ ಮಕ್ಕಳಲ್ಲಿ, ಹೆಚ್ಚಾಗಿ ನೆಗಡಿ ಗಂಟಲುನೋವಿನ ನಂತರ. ಕಷ್ಟವೆಂದರೆ ಕೆಲವರಲ್ಲಿ ಚುಕ್ಕೆಗಿಂತ ದಿನಗಟ್ಟಲೆ ಮೊದಲೇ ಹೊಟ್ಟೆನೋವು ಬರುತ್ತದೆ. ಹಾಗಾಗಿ ಎರಡು ದಿನ ಬಿಟ್ಟು ಮತ್ತೆ ಮೈ ನೋಡಬೇಕು. ನೋವು ಹೋದ ಮೇಲೂ 6 ತಿಂಗಳು ಮೂತ್ರ ಮತ್ತು ಬಿ.ಪಿ. ನೋಡುತ್ತಿರಬೇಕು, ಏಕೆಂದರೆ ಇದು ಮೂತ್ರಪಿಂಡಕ್ಕೆ ಇಳಿಯುವುದು ಸದ್ದಿಲ್ಲದೆ.

ಬೆರಳು: ಸಕ್ಕರೆ ಕಾಯಿಲೆ ಮೊದಲ ಸಲ ಕಾಣಿಸಿಕೊಳ್ಳುವುದೇ ಹೊಟ್ಟೆನೋವು-ವಾಂತಿಯಾಗಿ ಇರಬಹುದು. ಕೆಲವು ವಾರದಿಂದ ವಿಪರೀತ ನೀರು ಕುಡಿಯುವುದು, ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಶುರು, ಮೈ ಇಳಿದಿದೆ, ಉಸಿರು ಆಳವಾಗಿದೆ. ಇಷ್ಟು ಕೂಡಿದರೆ ಗ್ಲುಕೋಮೀಟರಿನ ಒಂದು ಹನಿ ರಕ್ತ ಸಾಕು. 200 ಮಿ.ಗ್ರಾಂ. ಮೀರಿದ್ದರೆ ಗ್ಲುಕೋಸ್ ಡ್ರಿಪ್ ಹಾಕಿಸಿಕೊಂಡು ಮನೆಗೆ ಬರುವ ಮಾತಲ್ಲ, ನೇರ ಮಕ್ಕಳ ಐಸಿಯು.

ಅಪೆಂಡಿಕ್ಸ್ ದೊಡ್ಡ ಮಕ್ಕಳಿಗಲ್ಲವೇ ಬರುವುದು?

5 ವರ್ಷದೊಳಗೆ ಕಡಿಮೆ, ಆದರೆ ಬಂದಾಗ ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಒಡೆದ ಮೇಲೇ ಗೊತ್ತಾಗುತ್ತದೆ. ಒಡೆದ ಕೀವು ಕೆಳಹೊಟ್ಟೆಯಲ್ಲಿ ನಿಂತು ಗುದನಾಳವನ್ನು ಕೆರಳಿಸಿದರೆ ಪದೇ ಪದೇ ಸ್ವಲ್ಪ ಸ್ವಲ್ಪ ಭೇದಿ. ಅದನ್ನು ವಾಂತಿ-ಭೇದಿ ಎಂದು ಒಆರ್‌ಎಸ್ ಕೊಟ್ಟು ಕಳಿಸುವುದೇ ಹೆಚ್ಚು. ಭೇದಿಯಲ್ಲಿ ಮಗು ಕುಣಿದಾಡದಿದ್ದರೂ ಓಡಾಡುತ್ತದೆ, ಅಪೆಂಡಿಕ್ಸ್‌ನಲ್ಲಿ ಅಲುಗಾಡಲು ಒಲ್ಲದು. ಕುಂಟೆಬಿಲ್ಲೆ ಆಡುವಂತೆ ಒಂದು ಸಲ ಜಿಗಿ ಎನ್ನಿ. ಜಿಗಿದು ನಕ್ಕರೆ ನೆಮ್ಮದಿ, ಜಿಗಿಯದೆ ಬಲಹೊಟ್ಟೆ ಹಿಡಿದರೆ ಶಸ್ತ್ರವೈದ್ಯರಿಗೆ ತೋರಿಸಿ.

ಸ್ಕ್ಯಾನಿಂಗ್ ರಿಪೋರ್ಟಲ್ಲಿ "ಹೊಟ್ಟೆಯಲ್ಲಿ ಗಂಟುಗಳಿವೆ" ಅಂತ ಬಂದಿದೆ. ಟಿ.ಬಿ.ನಾ?

ರಿಪೋರ್ಟಿನ ಈ ಒಂದೇ ಸಾಲಿಗೆ ಹೆದರಿದವರ ಲೆಕ್ಕವಿಲ್ಲ. ಕರುಳಿನ ಸುತ್ತ ದುಗ್ಧಗ್ರಂಥಿಗಳು ಎಲ್ಲ ಮಕ್ಕಳಲ್ಲೂ ಇವೆ. ಚಿಕ್ಕ ಅಡ್ಡಳತೆ 8 ಮಿ.ಮೀ. ಒಳಗಿದ್ದರೆ ಅದು ಸಹಜ. ಅದಕ್ಕಿಂತ ಸ್ವಲ್ಪ ಹೆಚ್ಚಿದ್ದು, ನೆಗಡಿ ಜ್ವರ ಬಂದುಹೋಗಿದ್ದರೆ, ಎರಡು-ಮೂರು ವಾರದಲ್ಲಿ ನೋವು ತಾನೇ ಹೋಗುತ್ತದೆ. ಆ ಸಾಲನ್ನಷ್ಟೇ ನೋಡಿ 6 ತಿಂಗಳ ಟಿ.ಬಿ. ಮಾತ್ರೆ ಶುರುಮಾಡುವುದು ಸರಿಯಲ್ಲ.

ನಿಜವಾದ ಹೊಟ್ಟೆ ಟಿ.ಬಿ.ಯ ಚಿತ್ರ ಬೇರೆ. ವಾರಗಟ್ಟಲೆ ಸಂಜೆ ಜ್ವರ, ಇಳಿಯುವ ತೂಕ, ಹೊಟ್ಟೆಯಲ್ಲಿ ನೀರು, ಮನೆಯಲ್ಲೊಬ್ಬರಿಗೆ ಕೆಮ್ಮು-ಟಿ.ಬಿ. ಸ್ಕ್ಯಾನಿಂಗ್‌ನಲ್ಲಿ ದೊಡ್ಡ, ಒಂದಕ್ಕೊಂದು ಅಂಟಿದ, ನಡುವೆ ಕರಗಿದ ಗಂಟುಗಳು, ಸಣ್ಣ-ದೊಡ್ಡ ಕರುಳು ಸೇರುವಲ್ಲಿ ದಪ್ಪ ಗೋಡೆ. ಆಗ ಎದೆ ಎಕ್ಸ್‌ರೇ, ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಪರೀಕ್ಷೆ ಮಾಡಿಸಿ, ಗಂಟು ಅಥವಾ ನೀರಿನ ಮಾದರಿಯನ್ನು ಟಿ.ಬಿ. ರೋಗಾಣುವಿನ ಡಿಎನ್ಎ ಹುಡುಕುವ ಪರೀಕ್ಷೆಯಾದ ಸಿಬಿನಾಟ್‌ಗೆ ಕಳಿಸುತ್ತಾರೆ. ನೀರಿನ ಮಾದರಿಯಲ್ಲಿ ಸಿಬಿನಾಟ್ ಹಲವು ಸಲ ನೆಗೆಟಿವ್ ಬರುತ್ತದೆ, ಅಷ್ಟಕ್ಕೇ ಟಿ.ಬಿ. ಇಲ್ಲ ಎಂದಾಗುವುದಿಲ್ಲ. ಟಿ.ಬಿ. ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಹುಳದ ಮಾತ್ರೆ ಎರಡು ಸಲ ಕೊಟ್ಟರೂ ನೋವು ಹೋಗಿಲ್ಲ. ಮೂರನೇ ಸಲ ಕೊಡಲೇ?

ಬೇಡ, ಕಾರಣ ಬೇರೆ ಹುಡುಕಿ. ಅಂಗನವಾಡಿಯಲ್ಲಿ ಕೊಡುವ ಆಲ್ಬೆಂಡಜೋಲ್ 1ರಿಂದ 2 ವರ್ಷಕ್ಕೆ 200 ಮಿ.ಗ್ರಾಂ., ಅದಕ್ಕಿಂತ ದೊಡ್ಡವರಿಗೆ 400 ಮಿ.ಗ್ರಾಂ. ಜಂತುಹುಳಕ್ಕೆ ಒಂದೇ ಡೋಸ್ ಸಾಕು. ಹೊಟ್ಟೆ ಉಬ್ಬಿ, ವಾಂತಿಯಾಗಿ, ಮಲ-ಗಾಳಿ ನಿಂತ ಮಗುವಿಗೆ ಮಾತ್ರ ಮನೆಯಲ್ಲಿ ಹುಳದ ಮಾತ್ರೆ ಕೊಡಬಾರದು. ಹುಳಗಳ ಉಂಡೆಯೇ ಕರುಳು ಕಟ್ಟಿದ್ದರೆ ತೊಂದರೆ ಹೆಚ್ಚುತ್ತದೆ.

ನಮ್ಮದು ಕುರಿ ಸಾಕುವ ಮನೆ. ಮಗುವಿನ ಲಿವರಿನಲ್ಲಿ ನೀರುಗುಳ್ಳೆ ಇದೆ ಎಂದಿದ್ದಾರೆ. ಕುರಿ ಮಾಂಸದಿಂದ ಬಂತೇ?

ಮಾಂಸದಿಂದಲ್ಲ, ನಾಯಿಯಿಂದ. ಇದು ಹೈಡಾಟಿಡ್ ಗುಳ್ಳೆ. ಕುರಿ ಕೊಯ್ದಾಗ ಗುಳ್ಳೆಯಿರುವ ಲಿವರ್, ಪುಪ್ಪುಸವನ್ನು ನಾಯಿಗೆ ಎಸೆಯುತ್ತೇವೆ. ಅದರ ಕರುಳಲ್ಲಿ ಅಕ್ಕಿಕಾಳಿನಷ್ಟು ಉದ್ದದ ಲಾಡಿಹುಳ ಬೆಳೆಯುತ್ತದೆ. ಹುಳದ ಮೊಟ್ಟೆ ನಾಯಿಯ ಮಲದಲ್ಲಿ ಬಂದು, ಅದರ ತುಪ್ಪಳಕ್ಕೂ ಹಟ್ಟಿಯ ಮಣ್ಣಿಗೂ ಅಂಟಿ, ನಾಯಿಮರಿಯನ್ನು ತಬ್ಬಿದ ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ. ಗುಳ್ಳೆ ವರ್ಷಗಟ್ಟಲೆ ನಿಧಾನವಾಗಿ ಬೆಳೆದು ಬಲಪಕ್ಕೆಯಡಿ ಭಾರ, ಮಂದನೋವು ಕೊಡುತ್ತದೆ.

ಅಲ್ಟ್ರಾಸೌಂಡ್‌ನಲ್ಲಿ ಗುಳ್ಳೆಯೊಳಗೆ ಮರಿಗುಳ್ಳೆಗಳು ಅಥವಾ ಕಳಚಿದ ಪದರ ತೇಲುವುದು ಕಂಡರೆ ರೋಗ ಬಹುತೇಕ ಖಚಿತ. ಇದನ್ನು ಕೀವುಗಂಟು ಎಂದುಕೊಂಡು ಸಿದ್ಧತೆಯಿಲ್ಲದೆ ಸೂಜಿ ಚುಚ್ಚಿದರೆ ಒಳಗಿನ ನೀರು ಹೊಟ್ಟೆಗೆ ಚೆಲ್ಲಿ, ಜೀವಕ್ಕೇ ಅಪಾಯವಾಗುವ ಅಲರ್ಜಿ ಬರಬಹುದು, ಗುಳ್ಳೆ ಹೊಟ್ಟೆ ತುಂಬಾ ಹರಡಬಹುದು. ಮೊದಲು ಆಲ್ಬೆಂಡಜೋಲ್, ಆಮೇಲೆ ಗುಳ್ಳೆಯ ಹಂತ ನೋಡಿ ಸೂಜಿ ಅಥವಾ ಆಪರೇಷನ್. ಮನೆಯ ಉಳಿದ ಮಕ್ಕಳಿಗೂ ಒಂದು ಸ್ಕ್ಯಾನ್ ಮಾಡಿಸಿ. ನಾಯಿಗೆ ಪಶುವೈದ್ಯರಿಂದ ಲಾಡಿಹುಳದ ಔಷಧ ಪ್ರಾಜಿಕ್ವಾಂಟೆಲ್ ಕೊಡಿಸಿ. ಕೊಯ್ದ ಕುರಿಯ ಗುಳ್ಳೆ ಅಂಗಗಳನ್ನು ಸುಡಿ, ಇಲ್ಲವೇ ನಾಯಿ ಕೆದಕದಷ್ಟು ಆಳಕ್ಕೆ ಹೂಳಿ.

ನೋವೇ ಇಲ್ಲದೆ ಮಲದಲ್ಲಿ ತುಂಬಾ ರಕ್ತ ಹೋಯಿತು.

ಮೆಕೆಲ್ ಚೀಲ ಆಗಿರಬಹುದು. ಹೊಕ್ಕುಳಬಳ್ಳಿಯ ಹಳೆಯ ನಾಳದ ತುಂಡು ಸಣ್ಣಕರುಳಿಗೆ ಅಂಟಿ ಉಳಿದಿರುವುದು. ಸುಮಾರು 2% ಜನರಲ್ಲಿ ಇರುತ್ತದೆ, ತೊಂದರೆ ಕೊಡುವುದು ಕೆಲವರಿಗಷ್ಟೇ. ಅದರಲ್ಲಿ ಜಠರದ ಒಳಪದರ ಬೆಳೆದು ಆಮ್ಲ ಸುರಿಸಿ ಪಕ್ಕದ ಕರುಳಿಗೆ ಹುಣ್ಣು ಮಾಡುತ್ತದೆ. ಟೆಕ್ನೀಷಿಯಂ ಸ್ಕ್ಯಾನ್ (ಅಲ್ಪ ವಿಕಿರಣದ ವಸ್ತುವನ್ನು ರಕ್ತಕ್ಕೆ ಬಿಟ್ಟು ತೆಗೆಯುವ ಚಿತ್ರ) ಬೇಕು.

ತಿಂಗಳಿಗೊಮ್ಮೆ ಬಂದು ಹೋಗುವ ನೋವು. ಡಾಕ್ಟರ ಬಳಿ ಹೋಗುವಷ್ಟರಲ್ಲಿ ಮಗು ಆಡುತ್ತಿರುತ್ತದೆ, ಎಲ್ಲ ರಿಪೋರ್ಟೂ ನಾರ್ಮಲ್.

ಇಂಥ ಮಕ್ಕಳಿಗೆ "ಸ್ಕೂಲಿಗೆ ಹೋಗದಿರಲು ನಾಟಕ" ಎಂಬ ಹೆಸರು ಬೇಗ ಬೀಳುತ್ತದೆ. ಮೂರು ಸಾಧ್ಯತೆ ನೋಡಿಬಿಡಿ.

ಒಂದು, ಹೊಟ್ಟೆಯ ಮೈಗ್ರೇನ್. ಹೊಕ್ಕುಳ ಸುತ್ತ ಒಂದು ಗಂಟೆಗೂ ಮೀರಿದ ಜೋರು ನೋವು, ಬಿಳಿಚಿದ ಮುಖ, ಊಟ ಬೇಡ, ಬೆಳಕು ಬೇಡ, ಮಲಗಿ ಎದ್ದರೆ ಮಾಯ. ನಡುವಿನ ವಾರಗಳಲ್ಲಿ ಮಗು ಪೂರ್ತಿ ಚೆನ್ನಾಗಿರುತ್ತದೆ. ಅಮ್ಮನಿಗೋ ಅಪ್ಪನಿಗೋ ಅರ್ಧತಲೆನೋವು ಇದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಎರಡು, ಮೂತ್ರಪಿಂಡದಿಂದ ಮೂತ್ರ ಇಳಿಯುವ ಬಾಯಿ ಕಿರಿದಾಗಿರುವುದು. ತುಂಬಾ ನೀರು ಕುಡಿದ ಮೇಲೆ ಅಲ್ಲಿ ಕಟ್ಟಿಕೊಂಡು ನೋವು, ವಾಂತಿ. ಇಳಿದುಹೋದರೆ ಸ್ಕ್ಯಾನೂ ನಾರ್ಮಲ್ ಬರಬಹುದು. ಆದ್ದರಿಂದ ನೋವಿರುವಾಗಲೇ ಸ್ಕ್ಯಾನ್ ಆಗಬೇಕು. "ನೋವು ಬಂದ ದಿನ ಸರದಿ ಇಲ್ಲದೆ ಸ್ಕ್ಯಾನ್ ಮಾಡಿ" ಎಂದು ಚೀಟಿ ಬರೆಸಿಟ್ಟುಕೊಳ್ಳಿ. ಈ ಒಂದು ಚೀಟಿ ಹತ್ತು ರಿಪೋರ್ಟಿಗಿಂತ ಮೇಲು.

ಮೂರು, ಪಿತ್ತನಾಳದ ಗುಳ್ಳೆ ಅಥವಾ ಮೇದೋಜೀರಕದ ಉರಿಯೂತ. ನೋವಿನ ಜೊತೆ ಒಂದೆರಡು ದಿನ ಕಣ್ಣು ಹಳದಿಯಾಗಿ ಹೋಗಿತ್ತೇ ಎಂದು ನೆನಪು ಮಾಡಿಕೊಳ್ಳಿ. ಕಾಮಾಲೆಗೆಂದು ಸೊಪ್ಪಿನ ಔಷಧ ಕೊಡಿಸಿ ವಾಸಿಯಾಯಿತು ಎಂದುಕೊಂಡಿದ್ದು ಇದೇ ಇರಬಹುದು. ಸೈಕಲ್ ಹ್ಯಾಂಡಲ್ ಹೊಟ್ಟೆಗೆ ಚುಚ್ಚಿ ಬಿದ್ದಿತ್ತೇ ಎಂದೂ ಕೇಳಿ. ಹೊರಗೆ ಒಂದು ರೂಪಾಯಿಯಗಲ ಕಂದಿದ ಗುರುತು ಮಾತ್ರ, ಒಳಗೆ ಮೇದೋಜೀರಕ ಬೆನ್ನುಮೂಳೆಗೆ ಜಜ್ಜಿ ಗಾಯವಾಗಿ, ನೋವು ಒಂದೆರಡು ದಿನ ಬಿಟ್ಟು ಬರುತ್ತದೆ. ರಕ್ತದಲ್ಲಿ ಲೈಪೇಸ್ (ಮೇದೋಜೀರಕದ ಕಿಣ್ವ) ಮಿತಿಯ ಮೂರು ಪಟ್ಟು ಇದ್ದರೆ ಗೊತ್ತಾಗುತ್ತದೆ.

ಮಗು ಮಣ್ಣು, ಸುಣ್ಣ, ಬಣ್ಣದ ಚಕ್ಕೆ ತಿನ್ನುತ್ತದೆ. ಇದಕ್ಕೂ ನೋವಿಗೂ ಸಂಬಂಧವಿದೆಯೇ?

ಇರಬಹುದು, ಸೀಸದ ಮೂಲಕ. ಬ್ಯಾಟರಿ ಬಿಚ್ಚುವ ಅಂಗಡಿ, ಹಳೇ ಬಣ್ಣ, ಕೆಲವು ಸುರ್ಮಾ ಮತ್ತು ಭಸ್ಮಗಳಲ್ಲಿ ಸೀಸ ಇರುತ್ತದೆ. ಹೊಟ್ಟೆ ಹಿಂಡುವ ನೋವು, ಮಲಬದ್ಧತೆ, ಕಬ್ಬಿಣದ ಟಾನಿಕ್‌ಗೆ ಏರದ ರಕ್ತಹೀನತೆ ಮೂರೂ ಕೂಡಿದರೆ ರಕ್ತನಾಳದ ರಕ್ತದಲ್ಲಿ ಸೀಸದ ಮಟ್ಟ ಮಾಡಿಸಿ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ತಪ್ಪಿಸಬೇಕು, 45 ಮುಟ್ಟಿದರೆ ಸೀಸ ಹೊರತೆಗೆಯುವ ಔಷಧ. ಅಪ್ಪ ಕೆಲಸದ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳುತ್ತಾರೆಯೇ ಎಂಬುದೂ ಮುಖ್ಯ ಪ್ರಶ್ನೆ.

ಬೋರ್‌ವೆಲ್ಲಿನ ಫ್ಲೋರೈಡ್ ನೀರಿನಿಂದ ಹೊಟ್ಟೆನೋವೇ?

ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯಲ್ಲಿ ಫ್ಲೋರೈಡ್ ನೀರಿರುವ ಊರುಗಳಿವೆ, ಶುದ್ಧ ನೀರೇ ಕುಡಿಸಿ. ಆದರೆ ಅದರ ಮುಖ್ಯ ಏಟು ಹಲ್ಲು ಮತ್ತು ಮೂಳೆಗೆ. ಹೊಟ್ಟೆನೋವಿನ ಹೊಣೆಯನ್ನು ಪೂರ್ತಿ ನೀರಿಗೆ ಹೊರಿಸಿದರೆ ನಿಜವಾದ ಕಾರಣ ತಪ್ಪಿಹೋಗುತ್ತದೆ.

ಬಟ್ಟಿ ತಿಕ್ಕಿಸಬಹುದೇ? ಅಜ್ಜಿ ಬರೆ ಹಾಕಿಸಿ ಎನ್ನುತ್ತಾರೆ.

ಹೊಟ್ಟೆಗೆ ಹರಳೆಣ್ಣೆ ಸವರಿದರೆ ಹಾನಿಯಿಲ್ಲ. ಬಟ್ಟಿ ಸರಿದಿದೆ ಎಂದು ಹೆಬ್ಬೆರಳಿನಿಂದ ಒತ್ತಿ ತಿಕ್ಕುವುದು ಮಾತ್ರ ಬೇಡ. ತೂರಿಕೊಂಡ ಕರುಳು, ಬಾತ ಅಪೆಂಡಿಕ್ಸ್, ಹೈಡಾಟಿಡ್ ಗುಳ್ಳೆ ಮೂರೂ ಆ ಒತ್ತಿಗೆ ಒಡೆಯಬಹುದಾದಂಥವು. ಬರೆ ಯಾವ ಕಾರಣಕ್ಕೂ ಬೇಡ. ಸುಟ್ಟಗಾಯದಿಂದ ಹಸುಗೂಸಿಗೆ ರಕ್ತಕ್ಕೇ ಸೋಂಕು ಏರುತ್ತದೆ, ಜೊತೆಗೆ ಒಂದು ದಿನ ವ್ಯರ್ಥ.

ನೋವಿನ ಔಷಧ ಕೊಟ್ಟರೆ ರೋಗ ಮುಚ್ಚಿಹೋಗುತ್ತದೆ ಎನ್ನುತ್ತಾರೆ.

ಹಳೆಯ ನಂಬಿಕೆ. ಪ್ಯಾರಾಸಿಟಮಾಲ್ ಕೊಟ್ಟರೆ ಮಗು ಸಮಾಧಾನವಾಗಿ ಹೊಟ್ಟೆ ಮುಟ್ಟಗೊಡುತ್ತದೆ, ಪರೀಕ್ಷೆ ಸುಲಭವಾಗುತ್ತದೆ. ಪ್ರಮಾಣ ಕಿಲೋಗೆ 15 ಮಿ.ಗ್ರಾಂ., 6 ಗಂಟೆಗೊಮ್ಮೆ. 10 ಕೆ.ಜಿ. ಮಗುವಿಗೆ 150 ಮಿ.ಗ್ರಾಂ. ಎಂದರೆ 5 ಮಿ.ಲೀ.ನಲ್ಲಿ 125 ಇರುವ ಸಿರಪ್ 6 ಮಿ.ಲೀ., 250 ಇರುವುದಾದರೆ 3 ಮಿ.ಲೀ., ಮಿ.ಲೀ.ಗೆ 100 ಇರುವ ಡ್ರಾಪ್ಸ್ ಆದರೆ ಒಂದೂವರೆ ಮಿ.ಲೀ. ಮಾತ್ರ. ಡ್ರಾಪ್ಸನ್ನು 125ರ ಸಿರಪ್ ಲೆಕ್ಕದಲ್ಲಿ ಕೊಟ್ಟರೆ ನಾಲ್ಕು ಪಟ್ಟು ಹೋಗುತ್ತದೆ, ಬಾಟಲಿಯ ಚೀಟಿ ಓದಿ. 3 ತಿಂಗಳೊಳಗಿನ ಕೂಸಿಗೆ ಕೇಳದೆ ಇದನ್ನೂ ಕೊಡಬೇಡಿ. ಹೊಟ್ಟೆ ಹಿಂಡುವ ನೋವಿಗೆಂದು ಅಂಗಡಿಯಲ್ಲಿ ಸಿಗುವ ಡೈಸೈಕ್ಲೋಮಿನ್ ಡ್ರಾಪ್ಸ್ 6 ತಿಂಗಳೊಳಗಿನ ಕೂಸಿಗೆ ನಿಷಿದ್ಧ, ಉಸಿರು ನಿಲ್ಲಬಹುದು.

ಹೋಗುವಾಗ ಏನು ತೆಗೆದುಕೊಂಡು ಹೋಗಬೇಕು?

ವಾಂತಿ ಅಥವಾ ಮಲ ತಗುಲಿದ ಬಟ್ಟೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ನೋವು ಬಂದಾಗ ತೆಗೆದ ಒಂದು ನಿಮಿಷದ ಮೊಬೈಲ್ ವಿಡಿಯೋ, ನೋವಿಲ್ಲದಾಗಿನದೂ ಒಂದು. ಕೊಟ್ಟ ಔಷಧದ ಬಾಟಲಿಗಳು, ಭಸ್ಮದ ಪೊಟ್ಟಣವೂ ಸೇರಿ. ಬೇಲಿಯ ಕಾಡುಹರಳು ಕಾಯಿ ತಿಂದಿದ್ದರೆ ಆ ಕಾಯಿ, ಹೊಲದ ಎಣ್ಣೆ (ಕೀಟನಾಶಕ) ಮುಟ್ಟಿದ್ದರೆ ಆ ಡಬ್ಬಿ. ಆಟಿಕೆಯಲ್ಲಿ ಮ್ಯಾಗ್ನೆಟ್ ಕಾಣೆಯಾಗಿದ್ದರೆ ಎಷ್ಟು ಎಂದು ಎಣಿಸಿಕೊಂಡು ಹೋಗಿ. ಒಂದು ನುಂಗಿದರೆ ಹೊರಗೆ ಹೋಗಬಹುದು, ಎರಡಾದರೆ ಕರುಳಿನ ಎರಡು ಮಡಿಕೆಯನ್ನು ಕಚ್ಚಿ ಹಿಡಿದು ತೂತು ಮಾಡುತ್ತವೆ. ಕೊನೆಯ ಸಲ ಉಂಡಿದ್ದು, ಮೂತ್ರ ಮಾಡಿದ್ದು ಎಷ್ಟು ಹೊತ್ತಿಗೆ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ದಾರಿಯಲ್ಲಿ ಬಿಸ್ಕತ್ತು, ಹಾಲು ಕೊಡಬೇಡಿ, ಅರಿವಳಿಕೆ ಬೇಕಾದರೆ ಗಂಟೆಗಟ್ಟಲೆ ಕಾಯಬೇಕಾಗುತ್ತದೆ.

ಮಕ್ಕಳ ಶಸ್ತ್ರವೈದ್ಯರು ಆ ಹೊತ್ತಿಗೆ ಇದ್ದಾರೆಯೇ ಎಂದು ಫೋನ್ ಮಾಡಿ ಕೇಳಿಯೇ ದಾವಣಗೆರೆಯ ದಾರಿಯೋ ಬೆಂಗಳೂರಿನ ದಾರಿಯೋ ನಿರ್ಧರಿಸಿ. ಚಿತ್ರದುರ್ಗದಿಂದ ಮೊದಲನೆಯದು ಸುಮಾರು 60 ಕಿ.ಮೀ., ಎರಡನೆಯದು ಸುಮಾರು 200. ಹಸಿರು ವಾಂತಿಯ ಕೂಸಿಗೆ ಆ ವ್ಯತ್ಯಾಸ ಕರುಳಿನ ಉದ್ದದಲ್ಲಿ ಲೆಕ್ಕಕ್ಕೆ ಬರುತ್ತದೆ.